ಎರಡನೇ ಇಂಜೆಕ್ಟರಿನ ನಂಬರು

ಆ ಸಂಜೆ ಬಾಲಾನಗರದ ಗ್ಯಾರೇಜಿನಲ್ಲಿ ಅಕ್ಕನ ವ್ಯಾನಿನ ಬಾನೆಟ್ಟಿನೊಳಗೆ ಬಗ್ಗಿ, ಟಾರ್ಚು ಹಿಡಿದು, ನಾಲ್ಕು ಹೊಸ ಇಂಜೆಕ್ಟರುಗಳ ತಲೆಯ ಮೇಲಿದ್ದ ನಂಬರುಗಳನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ಇಷ್ಟು ನಿಜ. ಇದನ್ನು ಅಲ್ಲಗಳೆದವರು ಯಾರೂ ಇಲ್ಲ. ಯಾವ ಕಡೆಯಿಂದ ಓದಲು ಶುರು ಮಾಡಿದೆ, ಎರಡನೆಯದನ್ನು ಓದುವಾಗ ಏನಂದೆ, ಅದಕ್ಕೆ ಡ್ರೈವರ್ ಸೀಟಿನಲ್ಲಿ ಕೂತಿದ್ದ ನನ್ನ ಗೆಳೆಯ ಏನಂದ, ಇವುಗಳ ಬಗ್ಗೆ ಮಾತ್ರ ಆಮೇಲೆ ಎರಡು ಕಥೆಗಳಾದವು. ಒಂದು ನನ್ನದು, ಒಂದು ಅವನದು. ಕೆಲವು ದಿನ ನಾನು ಅವನ ಕಥೆಯನ್ನೇ ನಂಬಿದೆ.

ಅವನೂ ನಾನೂ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವರು. ಇಬ್ಬರ ಮನೆಯವರೂ ರಾಯಚೂರು ಕಡೆಯಿಂದ ಬಂದು ಇಲ್ಲಿ ನಿಂತವರು. ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ. ಹೊರಗೆ ತೆಲುಗು, ಹಿಂದಿ, ಕೋಣೆಯ ಬಾಗಿಲು ಹಾಕಿದ ಮೇಲೆ ಕನ್ನಡ. ಓದು ಮುಗಿದ ಮೇಲೆ ಅವನು ತನ್ನ ತಂದೆಯ ಡೀಸೆಲ್ ಪಂಪಿನ ಗ್ಯಾರೇಜಿಗೆ ಸೇರಿಕೊಂಡ, ಅದನ್ನು ಬೆಳೆಸಿದ, ಕಂಪ್ಯೂಟರ್ ಇಟ್ಟ. ನಾನು ಸಂಶೋಧನೆಗೆ ಸೇರಿದೆ, ಬಿಟ್ಟೆ. ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳಿದೆ, ಬಿಟ್ಟೆ. ಕೊಂಡಾಪುರದ ಒಂದು ಕಂಪನಿಯಲ್ಲಿ ಕೂತು ಬೇರೆಯವರು ಬರೆದ ಇಂಗ್ಲಿಷನ್ನು ತಿದ್ದಿದೆ, ಅದನ್ನೂ ಬಿಟ್ಟೆ. ಎಲ್ಲಿ ಕೂತರೂ ಇನ್ನೊಂದು ಕಡೆ ಹೋಗಬೇಕು ಅನ್ನಿಸುವ ಜಾತಿ ನಾನು. ಅವನ ಗ್ಯಾರೇಜಿನ ಹಳೆಯ ಬಸ್ ಸೀಟೊಂದರ ಮೇಲೆ ಮಾತ್ರ ಗಂಟೆಗಟ್ಟಲೆ ಕೂರುತ್ತಿದ್ದೆ. ಅವನು ನನ್ನನ್ನು ಮಾಸ್ತರ ಅನ್ನುತ್ತಿದ್ದ. ನಾನು ಅವನನ್ನು ಸಾವ್ಕಾರ ಅನ್ನುತ್ತಿದ್ದೆ.

ವ್ಯಾನು ಅಕ್ಕನ ಹೊಟ್ಟೆಪಾಡು. ಅವಳು ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ ಮಾಡಿಸಿ ಮಧ್ಯಾಹ್ನದ ಊಟವಾಗಿ ಕೊಂಡಾಪುರದ ಅಪಾರ್ಟ್‌ಮೆಂಟುಗಳಿಗೆ ಕಳಿಸುತ್ತಾಳೆ. ತಿನ್ನುವವರು ಹೆಚ್ಚಿನವರು ಮೈಸೂರು, ಮಂಗಳೂರು ಕಡೆಯ ಹುಡುಗ ಹುಡುಗಿಯರು. ಮೊದಲು ರೊಟ್ಟಿ ಗಟ್ಟಿ ಅಂತ ದೂರು ಹೇಳುತ್ತಿದ್ದರು. ಈಗ ಒಂದು ದಿನ ತಡವಾದರೆ ಫೋನಿನ ಮೇಲೆ ಫೋನು. ನಾನು ಕೆಲಸ ಬಿಟ್ಟ ಮೇಲೆ ಕೊಂಡಾಪುರಕ್ಕೆ ಊಟ ಮುಟ್ಟಿಸುವುದು ನನ್ನದಾಗಿತ್ತು. ದಿನಾ ಬೆಳಿಗ್ಗೆ ಅಕ್ಕ ಡಬ್ಬಿ ಏರಿಸಿ ಚಾವಿ ಕೈಗೆ ಕೊಡುತ್ತಿದ್ದಳು. ಬದುಕಿನಲ್ಲಿ ನಾನು ಬಿಡದೆ ಮಾಡಿದ ಕೆಲಸ ಅದೊಂದೇ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಅಪ್ಪ ಬಾಲಾನಗರದ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಕೊನೆಯ ವರ್ಷಗಳಲ್ಲಿ ಅವರ ನೆನಪು ಹೋಯಿತು. ಮೊದಲು ಕನ್ನಡಕ, ಆಮೇಲೆ ಊಟ ಮಾಡಿದ್ದು, ಆಮೇಲೆ ನಮ್ಮ ಹೆಸರು. ಒಮ್ಮೆ ಮನೆಯಿಂದ ಹೊರಟು ಸಿಕಂದರಾಬಾದ್ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಡ್ಯೂಟಿಗೆ ಹೋಗುವ ರೈಲಿಗೆಂದು ಕಾಯುತ್ತ ನಿಂತಿದ್ದರು. ಅಂಥ ರೈಲು ಯಾವತ್ತೂ ಇರಲಿಲ್ಲ. ಅವರನ್ನು ಹುಡುಕಿ ಕೈ ಹಿಡಿದು ಕರೆತಂದವನು ನನ್ನ ಈ ಗೆಳೆಯನೇ. ಎಲ್ಲ ಹೋದರೂ ಕಾರ್ಖಾನೆಯ ಗೇಟಿನಲ್ಲಿ ತೋರಿಸುತ್ತಿದ್ದ ತಮ್ಮ ಟೋಕನ್ ನಂಬರನ್ನು ಮಾತ್ರ ಅಪ್ಪ ಬಿಡಲಿಲ್ಲ. ಸಿ ನಲವತ್ತೊಂದು. ನೀವು ಯಾರು ಎಂದು ಡಾಕ್ಟರು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ನನಗೆ ಒಂದು ಅಭ್ಯಾಸ ಅಂಟಿತು. ಮನೆ ಬೀಗ ಹಾಕಿದರೆ ಅದರ ಫೋಟೋ ತೆಗೆಯುತ್ತೇನೆ. ಗ್ಯಾಸಿನ ಗುಂಡಿ ತಿರುಗಿಸಿ ಆರಿಸಿದರೆ ಅದರದ್ದೂ ಒಂದು ಫೋಟೋ. ಎಲ್ಲದಕ್ಕೂ ಸಾಕ್ಷಿ ಕೇಳುವುದನ್ನು ಓದು ಕಲಿಸಿತ್ತು. ಅಪ್ಪನ ಕಾಯಿಲೆ ಅದನ್ನು ನನ್ನ ಮೇಲೇ ತಿರುಗಿಸಿತು. ನೆನಪು ಅನ್ನುವುದು ಇಟ್ಟ ವಸ್ತುವಲ್ಲ, ಪ್ರತಿ ಸಲ ಹೊಸದಾಗಿ ಕಟ್ಟುವುದು ಎಂದು ಪುಸ್ತಕಗಳಲ್ಲಿ ಓದಿದ್ದೆ. ಕಟ್ಟುವವನ ಕೈಯೇ ನಡುಗುತ್ತಿದ್ದರೆ ಏನು ಗತಿ? ಇದನ್ನು ನಾನು ಅಕ್ಕನಿಗೆ ಹೇಳಿರಲಿಲ್ಲ. ಹೇಳಿದ್ದು ಅವನೊಬ್ಬನಿಗೆ. ಗ್ಯಾರೇಜಿನ ಎದುರಿನ ಇರಾನಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ, ಬಿಸ್ಕತ್ತು ಅದ್ದುತ್ತ, ನಗುತ್ತಲೇ ಹೇಳಿದ್ದೆ. ಅವನು ನಕ್ಕಿರಲಿಲ್ಲ.

"ಅಪ್ಪಾರಂಗ ಆಗ್ತದ ಅಂತ ಅಂಜಿಕೆ ಏನಲೇ ನಿನಗ?"

"ಅಂಜಿಕೆ ಐತಿ."

"ಹಂಗೇನರ ಆದ್ರ ನಾ ಇದ್ದೀನಿ. ನೀ ಮರೆತದ್ದು ನಾ ನೆನಪ ಇಟ್ಟಿರತೀನಿ. ಚಹಾ ಆರತೈತಿ, ಕುಡಿ."

ಆ ಮಾತಿನಿಂದ ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅವನ ಗ್ಯಾರೇಜಿನಲ್ಲಿ ನಡೆದ ಯಾವುದರ ಫೋಟೋವನ್ನೂ ನಾನು ಆಮೇಲೆ ತೆಗೆಯಲಿಲ್ಲ.

ಹೋದ ಬೇಸಿಗೆಯಲ್ಲಿ ವ್ಯಾನಿನ ಎಂಜಿನ್ನು ಟಕಟಕ ಅನ್ನತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲ ಹೊಗೆ. ಇಂಜೆಕ್ಟರುಗಳು ಹೋಗಿವೆ, ನಾಲ್ಕನ್ನೂ ಬದಲಿಸಬೇಕು ಎಂದ ಅವನು. ಇಂಜೆಕ್ಟರೆಂದರೆ ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಎಂಜಿನ್ನಿನೊಳಗೆ ಸಿಂಪಡಿಸುವ ನಳಿಕೆ. ಒಂದೇ ಕಾರ್ಖಾನೆಯಲ್ಲಿ, ಒಂದೇ ದಿನ ತಯಾರಾದರೂ ಎರಡು ಇಂಜೆಕ್ಟರುಗಳು ಒಂದೇ ಥರ ಇರುವುದಿಲ್ಲ. ಒಂದು ಕೂದಲೆಳೆಯಷ್ಟು ಹೆಚ್ಚು ಸುರಿಯುತ್ತದೆ, ಇನ್ನೊಂದು ಕಡಿಮೆ. ತಯಾರಿಸಿದವರೇ ಪ್ರತಿಯೊಂದನ್ನೂ ಪರೀಕ್ಷಿಸಿ, ಅದರ ಸ್ವಭಾವ ಏನು ಎಂಬುದನ್ನು ಅಕ್ಷರ ಅಂಕಿಗಳ ಒಂದು ನಂಬರಾಗಿ ಅದರ ತಲೆಯ ಮೇಲೆ ಕೆತ್ತಿರುತ್ತಾರೆ. ಹೊಸದನ್ನು ಹಾಕಿದಾಗ ಆ ನಂಬರನ್ನು ಎಂಜಿನ್ನಿನ ಕಂಪ್ಯೂಟರಿಗೆ ಹೇಳಬೇಕು. ಆಗ ಅದು ಹೆಚ್ಚು ಸುರಿಯುವುದಕ್ಕೆ ಕಡಿಮೆ ಹೊತ್ತು, ಕಡಿಮೆ ಸುರಿಯುವುದಕ್ಕೆ ಹೆಚ್ಚು ಹೊತ್ತು ಕೊಟ್ಟು ಎಲ್ಲವನ್ನೂ ಸರಿದೂಗಿಸುತ್ತದೆ. ಯಾವ ನಂಬರು ಯಾವ ಸಿಲಿಂಡರಿನದು ಎಂದು ತಪ್ಪಿ ಹೇಳಿದರೆ, ಇಲ್ಲದ ದೋಷವನ್ನು ತಿದ್ದಲು ಹೋಗಿ ಎಂಜಿನ್ನನ್ನು ಕೆಡಿಸುತ್ತದೆ.

ಅವನ ಗ್ಯಾರೇಜಿನಲ್ಲಿ ಇದಕ್ಕೆ ಒಂದು ಪದ್ಧತಿಯಿತ್ತು. ಒಬ್ಬ ಎಂಜಿನ್ನಿನ ಮೇಲೆ ಬಗ್ಗಿ ಓದಬೇಕು. ಇನ್ನೊಬ್ಬ ಸೀಟಿನಲ್ಲಿ ಕೂತು ಕೇಳಿದ್ದನ್ನು ತಿರುಗಿ ಗಟ್ಟಿಯಾಗಿ ಹೇಳಿ, ಹೂಂ ಅನ್ನಿಸಿಕೊಂಡ ಮೇಲಷ್ಟೇ ಒತ್ತಬೇಕು. ಬರೆದುಕೊಳ್ಳುವುದಿಲ್ಲ. ಎಣ್ಣೆಗೈಯಲ್ಲಿ ಬರೆದ ಚೀಟಿ ಓದಲು ಬರುವುದಿಲ್ಲ, ಬಾಯಿಂದ ಬಾಯಿಗೆ ಹೋದದ್ದು ಕೆಡುವುದಿಲ್ಲ ಎಂದು ಅವನ ತಂದೆ ಹಾಕಿಕೊಟ್ಟ ಕ್ರಮವಂತೆ. ಅಂದು ಓದುವ ಪಾಳಿ ನನ್ನದು.

"ಲೇ ಮಾಸ್ತರ, ಗೇರ್‌ಬಾಕ್ಸ್ ಕಡೆಯಿಂದ ಸುರು ಮಾಡು. ಈ ಕಂಪನಿಯವ್ರದು ಉಲ್ಟಾ ಲೆಕ್ಕ. ಉಳಿದ ಗಾಡಿಗೋಳದ್ದು ಬೆಲ್ಟ್ ಕಡೀದು ಒಂದನೇದು, ಇವರದು ಗೇರ್‌ಬಾಕ್ಸ್ ಕಡೀದು ಒಂದನೇದು."

ನಾನು ಬಲಗೈಯನ್ನು ಬ್ಯಾಟರಿಯ ಮೇಲೆ ಊರಿ, ಎಡಗೈಯಲ್ಲಿ ಟಾರ್ಚು ಹಿಡಿದು ಬಗ್ಗಿದೆ. ಬ್ಯಾಟರಿ ಇರುವುದು ಗೇರ್‌ಬಾಕ್ಸಿನ ಕಡೆ. ಮೊದಲನೆಯದನ್ನು ಓದಿದೆ, ಅವನು ತಿರುಗಿ ಹೇಳಿದ, ನಾನು ಹೂಂ ಅಂದೆ. ಎರಡನೆಯದು. ಎ, ಸಿ, ನಾಲ್ಕು, ಒಂದು, ಕೆ, ಆರ್, ಬಿ. ಓದಿದ ಮೇಲೆ ನನಗೇ ಹೊಳೆಯಿತು.

"ಸಾವ್ಕಾರ, ನಡುವ ಏನೈತಿ ನೋಡಿದ್ಯಾ? ಸಿ ನಲವತ್ತೊಂದು. ಅಪ್ಪನ ಟೋಕನ್ ನಂಬರು."

ಸೀಟಿನಿಂದ ಅವನ ನಗು ಕೇಳಿತು. "ಅಪ್ಪಾರು ಡ್ಯೂಟಿಗೆ ಬಂದಾರ ಹಂಗಾರ. ಗೇಟ್ ತಗೀರಿ."

ನಾನೂ ನಕ್ಕೆ. ಉಳಿದೆರಡನ್ನು ಓದಿದೆ. ಎಂಜಿನ್ನು ಸ್ಟಾರ್ಟ್ ಮಾಡಿದಾಗ ವ್ಯಾನಿನ ಮೇಲಿಟ್ಟಿದ್ದ ಸ್ಟೀಲ್ ಲೋಟ ಅಲುಗಲಿಲ್ಲ. ಅಷ್ಟು ಸದ್ದಿಲ್ಲದ ಎಂಜಿನ್ನನ್ನು ನಾನು ಕೇಳಿರಲಿಲ್ಲ. "ಇವತ್ತ ಇಲ್ಲೇ ಬಿಡು, ನಾಳೆ ಒಂದ್ ರೌಂಡ್ ಹೊಡದು, ಲೀಕೇಜ್ ನೋಡಿ ಕೊಡತೀನಿ" ಎಂದ ಅವನು. ನಾನು ಬಸ್ಸು ಹಿಡಿದು ಮನೆಗೆ ಹೋದೆ. ಮರುದಿನ ಸಂಜೆ ವ್ಯಾನು ತಂದೆ.

ನನಗೆ ನೆನಪಿರುವುದು ಇಷ್ಟು. ಅಥವಾ ಅಂದು ನೆನಪಿದ್ದದ್ದು ಇಷ್ಟು.

ತಂದ ದಿನವೇ ಸದ್ದು ಸ್ವಲ್ಪ ಬೇರೆ ಅನ್ನಿಸಿತ್ತು. ನನ್ನ ಕಿವಿಯದೇ ದೋಷ ಅಂದುಕೊಂಡೆ. ಒಂದು ವಾರದೊಳಗೆ ಟಕಟಕ ಮತ್ತೆ ಬಂತು, ಈ ಸಲ ಎಂಜಿನ್ನು ನಿಂತಲ್ಲೇ ಕುಣಿಯುತ್ತಿತ್ತು. ಕೊಂಡಾಪುರದ ಅಪಾರ್ಟ್‌ಮೆಂಟಿನ ಕಾವಲುಗಾರ ಗೇಟು ತೆಗೆಯುತ್ತ, "ಏಂದಿ ಸಾರೂ, ಬಂಡಿ ದಗ್ಗುತಾಂದಿ, ಸಿರಪ್ ತಾಗಿಪಿಯ್ಯಂಡಿ" ಎಂದು ಗಾಡಿಯ ಕೆಮ್ಮಿಗೆ ಔಷಧಿ ಹೇಳಿದ. ಎರಡು ದಿನ ಬಿಟ್ಟು ಸಿಗ್ನಲ್ಲಿನಲ್ಲಿ ನಿಂತದ್ದು ಹೊರಡಲೇ ಇಲ್ಲ. ಡಬ್ಬಿಗಳು ಅಲ್ಲೇ ತಣ್ಣಗಾದವು. ಅಕ್ಕನೇ ಆಟೋದಲ್ಲಿ ಬಂದು ಅಷ್ಟೂ ಊಟವನ್ನು ಎರಡು ಸುತ್ತಿನಲ್ಲಿ ಮುಟ್ಟಿಸಿದಳು. ವ್ಯಾನನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆಸಿದೆವು.

ಗೆಳೆಯ ಬಾನೆಟ್ಟು ತೆಗೆಯಲಿಲ್ಲ. ಎಂಜಿನ್ನು ಸುಡುತ್ತಿದೆ ಎಂದ. ಸೀದಾ ಸೀಟಿನಲ್ಲಿ ಕೂತು, ಲ್ಯಾಪ್‌ಟಾಪಿಗೆ ವೈರು ಚುಚ್ಚಿ, ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದ.

"ಅಕ್ಕಾರ, ಇಂವ ಬೆಲ್ಟ್ ಕಡೆಯಿಂದ ಓದ್ಯಾನ. ಒಂದನೇದರ ನಂಬರು ನಾಲ್ಕನೇದಕ್ಕ ಹೋಗೈತಿ, ನಾಲ್ಕನೇದು ಒಂದನೇದಕ್ಕ. ಪೂರಾ ಉಲ್ಟಾ."

"ನಾ ಗೇರ್‌ಬಾಕ್ಸ್ ಕಡೆಯಿಂದಾನ ಓದಿದ್ದೆ" ಅಂದೆ. "ಬ್ಯಾಟರಿ ಮ್ಯಾಲೆ ಕೈ ಇಟ್ಟಿದ್ದೆ. ಎರಡನೇದು ಓದುವಾಗ ಅಪ್ಪನ ಟೋಕನ್ ನಂಬರು ಅಂತಂದೆ, ನೀ ನಕ್ಕಿ."

ಅವನು ನನ್ನ ಕಡೆ ನೋಡಿದ. ಆ ನೋಟದಲ್ಲಿ ಕನಿಕರವಿತ್ತು. ಇವತ್ತಿಗೂ ನನ್ನನ್ನು ಕಾಡುವುದು ಆ ಕನಿಕರ.

"ಯಾವ ಟೋಕನ್ನಲೇ? ಹಂಗೇನೂ ಅಂದಿಲ್ಲ ನೀ." ಆಮೇಲೆ ಅಕ್ಕನ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ. "ಬೈಬ್ಯಾಡ್ರಿ ಅಕ್ಕಾರ ಅವಂಗ. ಇತ್ತಿತ್ಲಾಗ ನೆನಪು ಭಾಳ ಕೈ ಕೊಡಾಕತ್ತೈತಿ. ನನ್ನ ಮುಂದ ತಾನ ಹೇಳ್ಯಾನ. ಅಪ್ಪಾರ್ಗೂ ಹಿಂಗ ಸುರು ಆಗಿತ್ತಲ್ಲರಿ."

ಅಕ್ಕ ಸೆರಗಿನಿಂದ ಬೆವರು ಒರೆಸಿಕೊಂಡಳು. ಅಪ್ಪ ಸ್ಟೇಷನ್ನಿನಲ್ಲಿ ಸಿಕ್ಕ ದಿನವೂ ಅವಳು ಹೀಗೆಯೇ ಮುಖ ಒರೆಸಿಕೊಂಡಿದ್ದಳು.

ಅವನು ಪರದೆಯ ಮೇಲೇ ನಾಲ್ಕೂ ನಂಬರುಗಳನ್ನು ಹಿಂದುಮುಂದು ಮಾಡಿದ. ಎಂಜಿನ್ನು ಸ್ಟಾರ್ಟಾಯಿತು, ಆದರೆ ಕುಣಿತ ನಿಲ್ಲಲಿಲ್ಲ. ತಪ್ಪು ನಂಬರಿನಲ್ಲಿ ಇಷ್ಟು ದಿನ ಓಡಿದೆ, ಕಂಪ್ಯೂಟರು ಮತ್ತೆ ಕಲಿಯಲು ಟೈಮ್ ಬೇಕು ಎಂದ. ತಪ್ಪು ನನ್ನ ಉಲ್ಟಾ ಓದಿನದೇ ಆಗಿದ್ದರೆ ನೆಟ್ಟಗೆ ಮಾಡಿದ ಕೂಡಲೇ ಎಂಜಿನ್ನು ನೆಟ್ಟಗಾಗಬೇಕಿತ್ತಲ್ಲ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಬಂತು. ಬಾಯಿಗೆ ಬರಲಿಲ್ಲ. ನೆನಪಿಲ್ಲದವನ ತರ್ಕಕ್ಕೆ ಯಾರು ಬೆಲೆ ಕೊಡುತ್ತಾರೆ?

ಮನೆಗೆ ಬಂದ ಮೇಲೆ ಅಕ್ಕ ಕೇಳಿದಳು.

"ನನ್ನ ಮುಂದ ಹೇಳಾಕ ಏನಾಗಿತ್ತು ನಿನಗ? ಹೊರಗಿನವರ ಬಾಯಿಂದ ಕೇಳಬೇಕಾತು."

"ಹೇಳೋವಂಥಾದ್ದು ಏನೂ ಇರಲಿಲ್ಲಕ್ಕಾ. ಬರೇ ಅಂಜಿಕೆ."

"ಅಪ್ಪನೂ ಹಂಗ ಅಂತಿದ್ದ." ಕೈ ಚಾಚಿದಳು. "ಚಾವಿ ಕೊಡಿಲ್ಲಿ. ಗಾಡಿ ನಾ ಹೊಡೀತೀನಿ."

ಕೊಟ್ಟೆ. ಮುಂದಿನ ವಾರ ಗುರುವಾರಕ್ಕೆ ನರರೋಗದ ಡಾಕ್ಟರಲ್ಲಿ ನನ್ನ ಹೆಸರು ಬರೆಸಿದಳು. ಆ ದಿನಗಳಲ್ಲಿ ಅವಳು ನನ್ನೊಡನೆ ಮಾತಾಡುವ ರೀತಿ ಬದಲಾಯಿತು. ದನಿ ಮೆತ್ತಗಾಯಿತು. ಒಂದು ಮಾತನ್ನು ಎರಡು ಸಲ ಹೇಳುತ್ತಿದ್ದಳು. ನಾನು ಅಡುಗೆಮನೆಯಿಂದ ಬಂದ ಮೇಲೆ ಸುಮ್ಮನೆ ಹೋಗಿ ಗ್ಯಾಸು ನೋಡಿ ಬರುತ್ತಿದ್ದಳು. ನಾವಿಬ್ಬರೂ ಅಪ್ಪನೊಡನೆ ಹೀಗೇ ಇದ್ದೆವು. ಈಗ ಅಪ್ಪನ ಕಡೆ ನಿಂತು ಅದನ್ನು ನೋಡುತ್ತಿದ್ದೆ.

ನಾನು ಬಿಡದೆ ಯೋಚಿಸಿದೆ. ಬ್ಯಾಟರಿಯ ಮೇಲಿನ ಕೈ ನಿಜವೋ, ಆಮೇಲೆ ನಾನು ಸೇರಿಸಿದ್ದೋ? ಬ್ಯಾಟರಿಯ ಮುಚ್ಚಳದ ಜಿಡ್ಡು ಅಂಗೈಗೆ ಅಂಟಿದ್ದು ನೆನಪಿತ್ತು. ಆದರೆ ಆ ಜಿಡ್ಡು ಬೇರೆ ದಿನದ್ದೂ ಇರಬಹುದು. ಟೋಕನ್ ನಂಬರಿನ ಮಾತಂತೂ ನನಗೇ ಅನುಮಾನ ಹುಟ್ಟಿಸುವಂತಿತ್ತು. ಅಪ್ಪನ ಕಾಯಿಲೆಗೆ ಹೆದರುವವನಿಗೆ ಅಪ್ಪನ ನಂಬರೇ ಕಾಣಿಸುವುದು ಎಷ್ಟು ಸಲೀಸು! ಇದೇ ಕಥೆಯನ್ನು ಬೇರೆಯವರು ಹೇಳಿದ್ದರೆ ನಾನೇ ಮೊದಲು ತಳ್ಳಿಹಾಕುತ್ತಿದ್ದೆ. ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು. ಅವನು ಹೇಳುವುದು ನಿಜವಾದರೆ ನಾನು ಅಪ್ಪನ ದಾರಿ ಹಿಡಿದಿದ್ದೇನೆ. ನಾನು ಹೇಳುವುದು ನಿಜವಾದರೆ ಗೆಳೆಯ ನನ್ನ ಮುಖ ನೋಡಿ ಸುಳ್ಳು ಹೇಳಿದ್ದಾನೆ. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು ಎಂಬುದು ತಿಳಿಯಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹಲವು ದಿನ ನನ್ನ ತಲೆಯೇ ಕೆಟ್ಟಿರಲಿ ಎಂದು ಬಯಸಿದೆ.

ಡಾಕ್ಟರ ಬಳಿ ಹೋಗುವ ಮುಂಚಿನ ಭಾನುವಾರ ಅಕ್ಕ ಕಾಯಿಪಲ್ಯ ತರಲು ಸಿಕಂದರಾಬಾದಿಗೆ ಹೊರಟಳು. ಮನೆಯಲ್ಲಿ ಒಬ್ಬನನ್ನೇ ಬಿಡಲು ಮನಸ್ಸಿಲ್ಲದೆ ನನ್ನನ್ನೂ ಹತ್ತಿಸಿಕೊಂಡಳು. ವ್ಯಾನು ದಾರಿಯುದ್ದಕ್ಕೂ ನಡುಗುತ್ತಲೇ ಇತ್ತು. ಮಾರುಕಟ್ಟೆಯ ಹತ್ತಿರ ಒಂದು ಬ್ಯಾಟರಿ ಅಂಗಡಿಯ ಮುಂದೆ ನಿಲ್ಲಿಸಿ, "ನೀ ಇಲ್ಲೇ ಕೂಡು. ಗಾಡಿ ಬಿಟ್ಟು ಎಲ್ಲೂ ಹೋಗಬ್ಯಾಡ. ಎಲ್ಲೂ ಹೋಗಬ್ಯಾಡ ಆಂ?" ಎಂದು ಎರಡು ಸಲ ಹೇಳಿ ಹೋದಳು. ಬೇಕಾದಾಗ ಕಿಟಕಿಯ ಗಾಜು ಇಳಿಸಿಕೊಳ್ಳಲೆಂದು ಚಾವಿಯನ್ನು ಗಾಡಿಗೇ ಬಿಟ್ಟಿದ್ದಳು.

ಆ ಅಂಗಡಿಯ ಗಾಜಿನ ಮೇಲೆ ಎಂಜಿನ್ ಸ್ಕ್ಯಾನಿಂಗ್ ಮಾಡಲಾಗುತ್ತದೆ ಎಂದು ಬರೆದಿತ್ತು. ಅದನ್ನು ಎರಡು ಸಲ ಓದಿದೆ. ಇಂಜೆಕ್ಟರುಗಳ ತಲೆ ಇಲ್ಲೇ ಇದೆ. ನಾನು ಹೇಳಿದ ನಂಬರುಗಳು ಕಂಪ್ಯೂಟರಿನೊಳಗೆ ಇವೆ. ನಾನು ಉಲ್ಟಾ ಓದಿದ್ದರೂ ನೆಟ್ಟಗೆ ಓದಿದ್ದರೂ ಈ ನಾಲ್ಕು, ಆ ನಾಲ್ಕು ಒಂದೇ ಆಗಿರಬೇಕು. ಡಾಕ್ಟರು ನನ್ನ ತಲೆ ನೋಡುವ ಮೊದಲು ನಾನು ಇವುಗಳ ತಲೆ ನೋಡಬಹುದಿತ್ತು. ಇಷ್ಟು ದಿನ ಯಾಕೆ ನೋಡಲಿಲ್ಲ ಎಂದರೆ, ನೋಡುವ ಧೈರ್ಯವಿರಲಿಲ್ಲ.

ಅಂಗಡಿಯ ಸಾಹೇಬರನ್ನು ಕರೆದೆ. ದಪ್ಪ ಮನುಷ್ಯ, ಬಾಯಲ್ಲಿ ಪಾನು.

"ಕ್ಯಾ ಹೋನಾ ಸಾಬ್?"

"ಇಂಜೆಕ್ಟರಾಂ ಕೆ ನಂಬರಾಂ ಖಾಲಿ ಪಢ್ನಾ. ಕುಚ್ ಬದಲ್ನಾ ನಕ್ಕೋ."

ಏನನ್ನೂ ಬದಲಿಸದೆ ಬರೀ ನಂಬರು ಓದುವುದಕ್ಕೆ ಯಾರು ಬರುತ್ತಾರೆ ಎಂಬಂತೆ ನನ್ನನ್ನು ನೋಡಿ, ಅವರು ಯಂತ್ರ ತಂದು ಚುಚ್ಚಿದರು. ಅದು ಎಂಜಿನ್ನಿನೊಡನೆ ಮಾತಾಡುವಷ್ಟರಲ್ಲಿ ನಾನು ಬಾನೆಟ್ಟು ಎತ್ತಿ, ಮೇಲಿನ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಫೋನಿನ ಬೆಳಕು ಬಿಟ್ಟೆ. ಮೊದಲು ನೋಡಿದ್ದು ಬಣ್ಣ. ಅಂದು ನಾನು ಕಂಡ ಇಂಜೆಕ್ಟರುಗಳು ಹೊಸ ಪಾತ್ರೆಯಂತೆ ಹೊಳೆಯುತ್ತಿದ್ದವು. ಇವು ಮಸುಕಾಗಿದ್ದವು. ಉಜ್ಜಿ ತೊಳೆದ ಗುರುತು, ಅಂಚಿನಲ್ಲಿ ಸ್ಪ್ಯಾನರಿನ ಹಲ್ಲಿನ ಹಳೆಯ ಗೀರು. ಈ ನೆನಪನ್ನೂ ನಾನು ನಂಬಲಿಲ್ಲ. ತಲೆಯ ಮೇಲಿನ ನಂಬರುಗಳನ್ನು ಒಂದೊಂದಾಗಿ ಓದಿ, ಒಂದೊಂದರ ಫೋಟೋ ತೆಗೆದೆ. ನಾಲ್ಕರಲ್ಲಿ ಎಲ್ಲಿಯೂ ಸಿ ನಲವತ್ತೊಂದು ಇರಲಿಲ್ಲ.

ಸರಿ, ನಾನು ಕಲ್ಪಿಸಿಕೊಂಡಿದ್ದೆ. ಆ ಕ್ಷಣದಲ್ಲಿ, ವಿಚಿತ್ರವೆಂದರೆ, ಮನಸ್ಸು ಹಗುರಾಯಿತು. ಅವನು ಸುಳ್ಳು ಹೇಳಿಲ್ಲ.

"ದೇಖೋ ಸಾಬ್" ಎಂದು ಸಾಹೇಬರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

ನಾಲ್ಕು ಸಾಲು. ಮೂರನೆಯ ಸಾಲಿನಲ್ಲಿ ಎ, ಸಿ, ನಾಲ್ಕು, ಒಂದು, ಕೆ, ಆರ್, ಬಿ. ಅವನು ಹಿಂದುಮುಂದು ಮಾಡಿದ್ದರಿಂದ ಎರಡನೆಯದು ಮೂರನೆಯದಾಗಿತ್ತು. ಉಳಿದ ಮೂರೂ ಎಂಜಿನ್ನಿನ ಮೇಲಿದ್ದ ಯಾವುದಕ್ಕೂ ಹೊಂದಲಿಲ್ಲ. ನಾನು ಅಂದು ಓದಿದ ನಾಲ್ಕು ಇಂಜೆಕ್ಟರುಗಳು ಈ ಗಾಡಿಯಲ್ಲಿ ಇರಲೇ ಇಲ್ಲ. ನಾನು ಬಸ್ಸು ಹಿಡಿದು ಹೋದ ಮೇಲೆ ಅವನ್ನು ಬಿಚ್ಚಿ, ಹಳೆಯವನ್ನು ತೊಳೆದು ಹಾಕಿ, ಕಂಪ್ಯೂಟರಿನಲ್ಲಿ ಹಳೆಯವುಗಳ ನಂಬರು ಒತ್ತದೆ ಬಿಟ್ಟಿದ್ದರು. ಒತ್ತದೆ ಬಿಟ್ಟದ್ದು ಗಡಿಬಿಡಿಗೋ, ನಾನು ಎಂದಾದರೂ ಪರದೆ ನೋಡಿದರೆ ನನ್ನ ನಂಬರೇ ಇರಲಿ ಎಂದೋ, ಗೊತ್ತಿಲ್ಲ. ಕಂಪ್ಯೂಟರು ಮಾತ್ರ ತನಗೆ ಹೇಳಿದ್ದನ್ನು ಹಿಡಿದುಕೊಂಡು, ಇಲ್ಲದ ಇಂಜೆಕ್ಟರುಗಳ ಸ್ವಭಾವಕ್ಕೆ ತಕ್ಕಂತೆ ಇರುವವನ್ನು ದಿನವೂ ತಿದ್ದುತ್ತ ಕೂತಿತ್ತು.

ನನ್ನ ತಲೆ ಸರಿಯಿತ್ತು. ಸಂತೋಷಪಡಬೇಕಿತ್ತು. ಬ್ಯಾಟರಿ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಸಾಹೇಬರು ನೀರಿನ ಬಾಟಲಿ ಕೊಟ್ಟರು.

ಅಕ್ಕ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದಳು. ಎತ್ತಿದ ಬಾನೆಟ್ಟು ನೋಡಿ ಅವಳ ಮುಖ ಇಳಿಯಿತು. ನಾನು ಏನೂ ವಿವರಿಸದೆ ಪರದೆಯನ್ನೂ ಫೋನಿನ ಫೋಟೋಗಳನ್ನೂ ಪಕ್ಕಪಕ್ಕ ಹಿಡಿದೆ. ಅವಳು ಬೆರಳಿಟ್ಟು ನಿಧಾನವಾಗಿ ಹೋಲಿಸಿದಳು. ಮೂರನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಅಪ್ಪಂದು" ಅಂದಳು.

"ಹೂಂ."

ಚೀಲ ಕೆಳಗಿಟ್ಟಳು. ಬದನೆಕಾಯಿಗಳು ಉರುಳಿದವು. ಇಬ್ಬರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿಗೆ ನಾನೊಬ್ಬನೇ ಹೋದೆ. ಅವನು ಎಂದಿನಂತೆ ಎದುರಿನ ಹೋಟೆಲಿನಿಂದ ಎರಡು ಚಹಾ ತರಿಸಿದ. ನಾನು ಫೋಟೋಗಳನ್ನು ಮುಂದಿಟ್ಟೆ. ಅವನು ಮೊದಲು ಕೇಳಿದ್ದು, "ಯಾರ ಹತ್ರ ಓದಿಸಿದಿ?"

"ಯಾರ ಹತ್ರರ ಓದಿಸಿದ್ರೇನು, ನಂಬರು ಅದಾವಿಲ್ಲ?"

ಅವನು ಬಾಗಿಲ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದ. ಟ್ರಾವೆಲ್ಸಿನವರೊಬ್ಬರು, ಅವನ ದೊಡ್ಡ ಗಿರಾಕಿ. ಅಂದು ನಾನು ಬಸ್ಸು ಹಿಡಿದು ಹೋದ ಸ್ವಲ್ಪ ಹೊತ್ತಿಗೆ ಗಾಡಿ ಎಳೆದುಕೊಂಡು ಬಂದರಂತೆ. ಮರುದಿನ ಮದುವೆ ಬಾಡಿಗೆ. ಇಂಥವೇ ಇಂಜೆಕ್ಟರು ಬೇಕು, ಪೇಟೆಯಲ್ಲಿ ಸ್ಟಾಕಿಲ್ಲ, ನಮ್ಮವನ್ನೇ ಬಿಚ್ಚಿ ಅವರ ಗಾಡಿಗೆ ಹಾಕಿಕೊಟ್ಟನಂತೆ. "ಅವರನ್ನ ಬಿಟ್ರ ಈ ಶೆಡ್ ಮುಚ್ಚಬೇಕು ನಾ. ಹೊಸಾ ಮಾಲು ಬಂದ ಕೂಡ್ಲೇ ನಿಂದರಾಗ ಹಾಕತಿದ್ದೆ. ನಿನಗ ಗೊತ್ತ ಆಗತಿರಲಿಲ್ಲ."

"ನನ್ನ ಕೇಳಿದ್ರ ಕೊಡತಿದ್ದೆ."

"ನೀ ಕೊಡತಿದ್ದಿ. ಅಕ್ಕಾರು ಕೊಡತಿದ್ರೇನು? ದಿನಾ ಊಟ ಹೋಗೋ ಗಾಡಿ."

ಇದು ನಿಜ. ಇಷ್ಟಕ್ಕೇ ನಿಂತಿದ್ದರೆ ನಾನು ಬೈದು, ಎರಡು ದಿನ ಮಾತು ಬಿಟ್ಟು, ಮತ್ತೆ ಆ ಬಸ್ ಸೀಟಿನ ಮೇಲೆ ಬಂದು ಕೂರುತ್ತಿದ್ದೆನೇನೋ.

"ಇಂಜೆಕ್ಟರು ಹಾಳಾಗಿ ಹೋಗ್ಲಿ" ಅಂದೆ. "ಎರಡನೇದು ಓದುವಾಗ ಅಪ್ಪನ ಟೋಕನ್ ನಂಬರು ಅಂತಂದಿದ್ದೆ. ಡ್ಯೂಟಿಗೆ ಬಂದಾರ, ಗೇಟ್ ತಗೀರಿ ಅಂತ ನೀ ನಕ್ಕಿದ್ದಿ. ಅವತ್ತ ಅಕ್ಕನ ಮುಂದ ನಾ ಅದನ್ನ ಹೇಳಿದಾಗ ನಿನಗ ನೆನಪಿತ್ತೋ ಇಲ್ಲೋ?"

ಅವನು ಲೋಟದೊಳಗೆ ನೋಡಿದ. ಚಹಾದ ಮೇಲೆ ಕೆನೆ ಕಟ್ಟಿತ್ತು. ಮರೆತಿದ್ದೆ ಎನ್ನಲಿ ಎಂದು ನಾನು ಒಳಗೊಳಗೆ ಕೇಳಿಕೊಳ್ಳುತ್ತಿದ್ದೆ. ಆ ಒಂದು ಸುಳ್ಳನ್ನು ನಾನು ಒಪ್ಪಿಕೊಳ್ಳಲು ತಯಾರಿದ್ದೆ.

"ಇತ್ತು" ಅಂದ. "ನೆನಪಿತ್ತು."

ಲೋಟ ಕೆಳಗಿಟ್ಟು ಮತ್ತೆ ಹೇಳಿದ. "ನೀ ಒಪ್ಪಕೋತಿ ಅಂತ ಗೊತ್ತಿತ್ತು. ನಿನ್ನ ಮ್ಯಾಲೆ ನಿನಗ ಅನುಮಾನ ಭಾಳ. ಬ್ಯಾರೆ ಯಾರಿಗಾದ್ರೂ ಹಂಗ ಹೇಳಾಕ ಬರತಿರಲಿಲ್ಲ."

ನಾನು ಎಲ್ಲಿ ಕಡಿಮೆ, ಎಲ್ಲಿ ಹೆಚ್ಚು ಎಂಬ ನಂಬರು ಅವನ ಬಳಿ ಇತ್ತು. ನಾನೇ ಓದಿ ಹೇಳಿದ್ದೆ, ಅವನು ಹೂಂ ಅನ್ನಿಸಿಕೊಂಡಿದ್ದ. ನಾನು ಎದ್ದೆ. ಹೊಸವು ಬಂದ ಮೇಲೆ ಹಾಕಿಕೊಡುತ್ತೇನೆ ಎಂದು ಹಿಂದಿನಿಂದ ಹೇಳಿದ. ಬೇಡ ಅಂದೆ. ಆ ಗ್ಯಾರೇಜಿನ ಮುಂದೆ ಬಸ್ಸಿನಲ್ಲಿ ಹೋಗುವಾಗ ಈಗಲೂ ಆ ಕಡೆ ನೋಡುತ್ತೇನೆ. ಹಳೆಯ ಸೀಟು ಅಲ್ಲೇ ಇದೆ. ಅದರ ಮೇಲೆ ಯಾರಾದರೂ ಕೂತಿದ್ದರೆ ಮುಖ ತಿರುಗಿಸಿಕೊಳ್ಳುತ್ತೇನೆ.

ಹೊಸ ಇಂಜೆಕ್ಟರು ಸಿಗುವವರೆಗೆ ಇರುವ ಹಳೆಯವುಗಳ ನಂಬರನ್ನಾದರೂ ಕಂಪ್ಯೂಟರಿಗೆ ಹೇಳಬೇಕಿತ್ತು. ಮಂಗಳವಾರ ಊಟ ಮುಟ್ಟಿಸಿದ ಮೇಲೆ ಅಕ್ಕನೂ ನಾನೂ ಸಿಕಂದರಾಬಾದಿನ ಸಾಹೇಬರ ಬಳಿಗೆ ಹೋದೆವು. ಅವರು ಯಂತ್ರ ಚುಚ್ಚಿಕೊಟ್ಟು ಗಿರಾಕಿಯ ಕಡೆ ಹೋದರು. ಯಾರು ಓದುವುದು, ಯಾರು ಒತ್ತುವುದು ಎಂಬ ಮಾತೇ ಬರಲಿಲ್ಲ. ಅಕ್ಕ ಸೀಟಿನಲ್ಲಿ ಕೂತು ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಯಾವ ಕಡೆಯಿಂದ?" ಎಂದು ಕೇಳಿದಳು.

"ಗೇರ್‌ಬಾಕ್ಸ್ ಕಡೆಯಿಂದ." ಬಲಗೈಯನ್ನು ಬ್ಯಾಟರಿಯ ಮೇಲೆ ಊರಿದೆ. ಅಂಗೈಗೆ ಅದೇ ಜಿಡ್ಡು.

ನಾನು ಒಂದೊಂದೇ ಅಕ್ಷರ ಓದಿದೆ. ಅವಳು ತಿರುಗಿ ಹೇಳಿದಳು, ಹಪ್ಪಳ ಎಣಿಸುವ ದನಿಯಲ್ಲಿ, ನಿಧಾನವಾಗಿ. ಹೂಂ ಅಂದೆ. ನಾಲ್ಕೂ ಮುಗಿದವು. ಮೂರನೆಯ ಸಾಲಿನಲ್ಲಿ ಈಗ ಅಪ್ಪನ ನಂಬರು ಇರಲಿಲ್ಲ. ಅದನ್ನು ಅಳಿಸಿದವರು ನಾವೇ. ಎಂಜಿನ್ನು ಸ್ಟಾರ್ಟ್ ಮಾಡಿದಾಗ ಕುಣಿತ ನಿಂತಿತು. ಟಕಟಕ ಮಾತ್ರ ಸಣ್ಣಗೆ ಉಳಿಯಿತು. ಹಳೆಯ ಇಂಜೆಕ್ಟರಿನಿಂದ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ನಾನು ಬಾನೆಟ್ಟು ಹಾಕಲು ಹೋದೆ.

"ತಡಿ" ಎಂದು ಅಕ್ಕ ಇಳಿದು ಬಂದಳು. ಯಂತ್ರವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನನ್ನ ಫೋನು ತೆಗೆದುಕೊಂಡು, ಬಗ್ಗಿ ಬೆಳಕು ಬಿಟ್ಟಳು. ಒಂದೊಂದನ್ನೂ ತಾನೇ ಓದಿ, ಪರದೆಗೆ ಹೋಲಿಸಿದಳು. ನಾನು ಬಾನೆಟ್ಟನ್ನು ತಲೆಗೆ ತಾಗದಂತೆ ಎತ್ತಿ ಹಿಡಿದು ನಿಂತಿದ್ದೆ.

"ಬರೋಬ್ಬರಿ ಅದಾವು" ಅಂದಳು. ಸೆರಗಿಗೆ ಕೈ ಒರೆಸಿಕೊಂಡು, ಚಾವಿ ತೆಗೆದು ನನ್ನ ಕೈಯಲ್ಲಿಟ್ಟಳು. "ನಾಳಿಂದ ಕೊಂಡಾಪುರಕ್ಕ ನೀ ಹೋಗು. ಗುರುವಾರ ಮಾತ್ರ ನಾ ಹೋಗತೀನಿ. ಡಾಕ್ಟರ ಕಡೆ ಹೋಗೋದು ಐತಲ್ಲ ನಿನಗ."

ಒಂದು ನಂಬರು ನೆನಪಿದ್ದ ಮಾತ್ರಕ್ಕೆ ಉಳಿದದ್ದೆಲ್ಲ ನೆನಪಿದೆ ಎಂದಾಗುವುದಿಲ್ಲ. ಅಪ್ಪನಿಗೂ ಅದೇ ನಂಬರು ಕೊನೆಯವರೆಗೆ ನೆನಪಿತ್ತು. ಇದು ಅಕ್ಕನಿಗೂ ಗೊತ್ತು, ನನಗೂ ಗೊತ್ತು.

"ಐತಿ" ಎಂದು ಗಾಡಿ ಹತ್ತಿದೆ.